ಆ ವರ್ಷ ನಮಗೆ ಉಡುಗೊರೆ ಇರಲಿಲ್ಲ

ಬೈಲಹೊಂಗಲದಲ್ಲಿ ನಾನು ಕಲಿತ ಶಾಲೆಯನ್ನು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದರು. ನಾವು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಮನೆ ಬಿಡುವವರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪ, ಮಗಳಿಗೆ ನಾಲ್ಕು ಅಕ್ಷರ ಇಂಗ್ಲಿಷ್ ಬರಲಿ ಎಂದು ನನ್ನನ್ನು ಅಲ್ಲಿ ಹಾಕಿದ್ದ. ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಅದಕ್ಕೆ ಕೊನೆಯವರೆಗೂ ಒಪ್ಪಿರಲಿಲ್ಲ. ನಾನು ಸಂಜೆ ಪಾಟೀಚೀಲ ಇಳಿಸುವುದೇ ತಡ, “ಅಲ್ಲಿ ನೀರ ಕುಡದಿಲ್ಲಲಾ?” ಎಂದು ಕೇಳುತ್ತಿದ್ದಳು. ಇಲ್ಲ ಎಂದು ನಾನು ದಿನಾ ಸುಳ್ಳು ಹೇಳುತ್ತಿದ್ದೆ. ಪರರ ಮನೆಯಲ್ಲಿ ಒಂದು ತುತ್ತು ತಿನ್ನದ, ಮದುವೆಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗುವ ಹೆಂಗಸು ಅವಳು.

ಆ ಶಾಲೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗಿದ್ದದ್ದು ಕ್ರಿಸ್‌ಮಸ್. ನಮ್ಮೂರಲ್ಲಿ ಎಲ್ಲರೂ ಅದನ್ನು ನಾತಾಳ ಎನ್ನುತ್ತಿದ್ದರು. ಡಿಸೆಂಬರ್ ಮೊದಲ ವಾರ ತರಗತಿಯ ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಿದ್ದರು. ಯಾರ ಚೀಟಿ ನಮ್ಮ ಕೈಗೆ ಬರುತ್ತದೋ ಅವರಿಗೆ ನಾವು ಗುಟ್ಟಾಗಿ ಒಂದು ಉಡುಗೊರೆ ತರಬೇಕು. ಸೂಟಿ ಬಿಡುವ ಹಿಂದಿನ ದಿನ ಎಲ್ಲರೂ ಒಟ್ಟಿಗೆ ಬಣ್ಣದ ಕಾಗದ ಹರಿಯುತ್ತಿದ್ದೆವು. ನನಗೆ ಒಂದು ವರ್ಷ ಬಳೆ ಬಂದಿದ್ದವು, ಇನ್ನೊಂದು ವರ್ಷ ಸುಗಂಧದ ರಬ್ಬರು.

ತೊಂಬತ್ತರ ದಶಕದ ನಡುವಿನಲ್ಲಿ, ನಾನು ಐದನೆಯ ತರಗತಿಯಲ್ಲಿದ್ದಾಗ, ಚೀಟಿ ಎತ್ತಿದ ಮರುದಿನ ಪಕ್ಕದಲ್ಲಿ ಕೂರುವ ಗೆಳತಿ ನನ್ನ ಕಿವಿಯಲ್ಲಿ ಗುಟ್ಟು ಒಡೆದಳು. “ನಿನ್ನ ಚೀಟಿ ನನಗ ಬಂದೈತಿ. ನಮ್ಮಪ್ಪ ಬೆಳಗಾವಿಂದ ಗೊಂಬಿ ತಂದಾನ. ಮಲಗಿಸಿದ್ರ ಕಣ್ಣ ಮುಚ್ಚತೈತಿ.” ಅಂದಿನಿಂದ ನನಗೆ ಊಟ ರುಚಿಸಲಿಲ್ಲ. ಆ ಗೊಂಬೆಗೆ ಎರಡು ಹೆಸರು ಆರಿಸಿ, ಎರಡನ್ನೂ ಬಿಟ್ಟು ಮೂರನೆಯದನ್ನು ಇಟ್ಟಿದ್ದೆ.

ಒಂದು ವಾರದ ಮೇಲೆ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ನಮ್ಮ ತರಗತಿಗೆ ಬಂದರು. ಕೇರಳದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರಿಂದ ಅವರ ಮಾತು ಪಾಠ ಓದಿದಂತೆ ಇರುತ್ತಿತ್ತು. “ಮಕ್ಕಳೇ, ಈ ವರ್ಷ ನಾವು ಉಡುಗೊರೆ ತೆಗೆದುಕೊಳ್ಳುವುದಿಲ್ಲ. ಮುರಗೋಡ ರಸ್ತೆಯಲ್ಲಿ ಕಬ್ಬು ಕಡಿಯುವವರ ಮಕ್ಕಳಿದ್ದಾರೆ. ನಿಮ್ಮ ವಯಸ್ಸಿನವರು. ಪ್ರತಿಯೊಬ್ಬರೂ ಅವರಿಗೆ ಒಂದು ವಸ್ತು ತರಬೇಕು. ಹರಿದದ್ದು ಬೇಡ, ನಿಮಗೆ ಬೇಡವಾದದ್ದು ಬೇಡ. ನಿಮಗೆ ಪ್ರೀತಿಯಾದದ್ದು.”

ನಾನು ಬೆಂಚಿನ ಮೇಲೆ ತಲೆಯಿಟ್ಟು ಅತ್ತೆ. ಹೊಟ್ಟೆ ನೋವು ಎಂದು ಟೀಚರಿಗೆ ಹೇಳಿದೆ. ನಿಜಕ್ಕೂ ಆ ಮಕ್ಕಳ ಮೇಲೆ ನನಗೆ ಸಿಟ್ಟು ಬಂದಿತ್ತು. ನೋಡಿಯೇ ಇರದ ಮಕ್ಕಳ ಮೇಲೆ ಅಷ್ಟು ಸಿಟ್ಟು ಬರಬಹುದು ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಅವ್ವ ಗಿಡ್ಡವಾದ ನನ್ನ ಒಂದು ಫ್ರಾಕ್ ತೆಗೆದುಕೊಟ್ಟಳು. ಹಳೆಯದನ್ನು ಒಯ್ದರೆ ಸಿಸ್ಟರ್ ಎದುರು ಮಾನ ಹೋದೀತು ಎಂದು ನಾನೇ ಬಣ್ಣದ ಪೆನ್ಸಿಲ್ಲಿನ ಡಬ್ಬಿಯನ್ನು ಆರಿಸಿದೆ. ಸೋದರಮಾವ ಕೊಡಿಸಿದ್ದು, ಮೊನೆ ಮುರಿಯದೆ ಹಾಗೇ ಇಟ್ಟಿದ್ದು. ಎಲ್ಲರಿಗಿಂತ ಚೆಂದದ ವಸ್ತು ನನ್ನದೇ ಆಗಬೇಕು, ಸಿಸ್ಟರ್ ಅದನ್ನು ಎತ್ತಿ ತೋರಿಸಬೇಕು ಎಂಬ ಆಸೆಯಿತ್ತು.

ಸೂಟಿಯ ಹಿಂದಿನ ದಿನ ಅವನ್ನು ಕೊಡಲು ಹೊರಟೆವು. ಬೆಳಿಗ್ಗೆ ಬಹಳ ಥಂಡಿ. ಇಬ್ಬಿಬ್ಬರು ಕೈ ಹಿಡಿದು ಊರ ಹೊರಗೆ ನಡೆದೆವು. ನಾನು ಅತ್ತೆ ಹೆಣೆದುಕೊಟ್ಟ ಕೆಂಪು ಸ್ವೆಟರ್ ಹಾಕಿಕೊಂಡಿದ್ದೆ. ಅದರ ಎದೆಯ ಮೇಲೆ ಎರಡು ಬಿಳಿ ಬಾತುಕೋಳಿಗಳಿದ್ದವು. ರಸ್ತೆಯ ಬದಿಯ ಖಾಲಿ ಹೊಲದಲ್ಲಿ ಗ್ಯಾಂಗಿನವರ ಗುಡಿಸಲುಗಳು ಕಂಡವು. ನಮ್ಮ ಕಡೆ ಕಬ್ಬು ಕಡಿಯುವ ತಂಡಕ್ಕೆ ಗ್ಯಾಂಗ್ ಎನ್ನುತ್ತಾರೆ. ಅವರು ವಿಜಾಪುರದ ಕಡೆಯಿಂದ ಹಂಗಾಮಿಗೆ ಬಂದವರು. ಬಿದಿರಿನ ಬಾಗಿದ ಗಳಗಳ ಮೇಲೆ ಕಬ್ಬಿನ ಒಣ ಎಲೆ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ದೊಡ್ಡವರೆಲ್ಲ ನಸುಕಿನಲ್ಲೇ ಹೊಲಕ್ಕೆ ಹೋಗಿದ್ದರು. ಗುಡಿಸಲ ಹತ್ತಿರ ಒಬ್ಬ ಮುದುಕ, ನಾಲ್ಕು ನಾಯಿ, ಮಕ್ಕಳು.

ನಾವು ಮೊದಲು ಸಾಲಾಗಿ ನಿಂತು ಇಂಗ್ಲಿಷ್ ಹಾಡು ಹೇಳಿದೆವು. ಆ ಮಕ್ಕಳು ನಮ್ಮ ಬೂಟು ನೋಡುತ್ತ ನಿಂತಿದ್ದರು. ಆಮೇಲೆ ಅವರನ್ನೂ ಸಾಲು ನಿಲ್ಲಿಸಿ, ನಾವು ಒಬ್ಬೊಬ್ಬರೇ ಮುಂದೆ ಹೋಗಿ ಕೊಟ್ಟೆವು. ಚೆಂಡು, ರಿಬ್ಬನ್, ಕಂಪಾಸ್ ಡಬ್ಬಿ, ಚಾಕಲೇಟು, ಓಡಿಸುವ ಕಾರು.

ನನ್ನ ಎದುರಿಗೆ ಬಂದವಳು ನನ್ನಷ್ಟೇ ಎತ್ತರದ ಹುಡುಗಿ. ಸೊಂಟದ ಮೇಲೆ ಒಂದು ಕೂಸು. ಅದಕ್ಕೆ ಒಂದು ತೆಳು ಅಂಗಿ ಬಿಟ್ಟರೆ ಏನೂ ಇರಲಿಲ್ಲ. ತುಟಿ ನೀಲಿಯಾಗಿತ್ತು, ಮೂಗು ಸೋರುತ್ತಿತ್ತು. ನಾನು ಪೆನ್ಸಿಲ್ ಡಬ್ಬಿ ಚಾಚಿದೆ. ಅವಳು ಅದನ್ನು ಮುಟ್ಟಲಿಲ್ಲ. ನನ್ನನ್ನು ದಾಟಿ ಹಿಂದೆ ನಿಂತಿದ್ದ ಸಿಸ್ಟರನ್ನು ನೋಡಿ ಕೇಳಿದಳು.

“ನನಗ ಬ್ಯಾಡ್ರೀ ಅಕ್ಕಾರ. ಇವಗ ಏನರ ಬೆಚ್ಚಗಿಂದು ಐತೇನ್ರಿ?”

ನಲವತ್ತು ಮಕ್ಕಳು ತಂದ ವಸ್ತುಗಳಲ್ಲಿ ಬೆಚ್ಚಗಿನದು ಒಂದೂ ಇರಲಿಲ್ಲ. ಟೀಚರ್ ಚೀಲದೊಳಗೆ ಕೈ ಹಾಕಿ ಹುಡುಕಿದರು, ಬರಿಗೈ ಹೊರತೆಗೆದರು. ನನ್ನ ಮೈಮೇಲೆ ಸ್ವೆಟರ್ ಇತ್ತು. ಅವಳು ಒಂದು ಸಲ ಅದನ್ನು ನೋಡಿದಳು. ನಾನು ಎರಡೂ ಕೈ ಎದೆಗೆ ಕಟ್ಟಿಕೊಂಡೆ. ಥಂಡಿಗೆ ಕಟ್ಟಿಕೊಂಡೆ ಎಂದು ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಬಾತುಕೋಳಿಗಳನ್ನು ಮುಚ್ಚಿಕೊಂಡಿದ್ದೆ.

ಸಿಸ್ಟರ್ ಹೆಗಲಿನಿಂದ ತಮ್ಮ ಬೂದು ಶಾಲು ತೆಗೆದು ಕೂಸಿಗೆ ಎರಡು ಸುತ್ತು ಸುತ್ತಿ, ಹುಡುಗಿಯ ಸೊಂಟದ ಮೇಲೆ ಮತ್ತೆ ಕೂರಿಸಿದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಅವರು ತಮ್ಮ ತೋಳು ತಿಕ್ಕಿಕೊಳ್ಳುತ್ತ ನಡೆದರು.

ಸಂಜೆ ಆಯಿ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದಳು. ಧಾರವಾಡದಲ್ಲಿದ್ದ ನನ್ನ ಅತ್ತೆಯ ಮಗಳಿಗೆ ಸಂಕ್ರಾಂತಿಯ ಹೊತ್ತಿಗೆ ಹೆರಿಗೆಯಾಗುವುದಿತ್ತು. ಹುಟ್ಟುವ ಮರಿಮೊಮ್ಮಗುವಿಗಾಗಿ ತನ್ನ ಮೆತ್ತನೆಯ ಹಳೆ ಇಳಕಲ್ ಸೀರೆಗಳನ್ನು ಪದರ ಪದರ ಜೋಡಿಸಿ, ದೀಪಾವಳಿಯಿಂದ ಹೊಲಿಯುತ್ತಿದ್ದಳು. ಅಂಚಿಗೆ ಕೆಂಪು ತ್ರಿಕೋನಗಳ ಸಾಲು ಕೂರಿಸುವುದಷ್ಟೇ ಬಾಕಿ. “ಏನ ಕೊಟ್ಟ್ರಿ ನಿಮ್ಮ ನಾತಾಳಕ್ಕ?” ಎಂದು ಅರ್ಧ ಚೇಷ್ಟೆಯಲ್ಲಿ ಕೇಳಿದಳು. ನಾನು ಹೇಳಿದೆ. ಹುಡುಗಿ ಕೇಳಿದ್ದನ್ನೂ ಹೇಳಿದೆ. ಆಯಿಯ ಸೂಜಿ ನಿಂತಿತು.

“ಎಷ್ಟ ತಿಂಗಳ ಕೂಸು?”

“ಗೊತ್ತಿಲ್ಲ. ಇನ್ನೂ ಹಲ್ಲ ಬಂದಿಲ್ಲ.”

“ಅದರವ್ವ?”

“ಕಬ್ಬ ಕಡಿಯಾಕ ಹೋಗಿದ್ಲಂತ.”

ಆಯಿ ಮತ್ತೆ ಎರಡು ಹೊಲಿಗೆ ಹಾಕಿದಳು. ತಲೆ ಎತ್ತದೆಯೇ ಕೇಳಿದಳು, “ನೀ ಏನ ಹಾಕ್ಕೊಂಡಿದ್ದಿ?”

“ಸ್ವೆಟರ್,” ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾರ ಮುಗಿಯುವ ತನಕ ಹೊಲಿದು, ಹಲ್ಲಿನಿಂದ ಕಡಿದು, ಅಂಚು ಅರ್ಧ ಉಳಿದಿದ್ದ ಕೌದಿಯನ್ನು ಮಡಿಚಿದಳು. “ನಾಳೆ ನನ್ನ ಆ ಗುಡಸಲಕ್ಕ ಕರಕೊಂಡ ಹೋಗು,” ಎಂದಳು.

ಒಳಗಿನಿಂದ ಬಂದ ಅವ್ವ ಗಾಬರಿಯಾದಳು. “ಅತ್ತಿ, ಹುಟ್ಟೋ ಕೂಸಿನ ಹೆಸರಲೆ ಹೊಲದದ್ದು. ಪರರಿಗೆ ಕೊಟ್ರ ಚಲೋ ಅಲ್ಲ. ಬೇರೆ ಹಳೇದು ಒಂದ ಕೊಡೂಣಂತ.”

“ಹುಟ್ಟೋ ಕೂಸಿಗೆ ಇನ್ನೂ ಥಂಡಿ ಹತ್ತಿಲ್ಲ ಬಿಡವಾ,” ಎಂದಳು ಆಯಿ.

ಮರುದಿನ ನಾವು ಹೋದಾಗ ಆ ಹೊಲದಲ್ಲಿ ಯಾರೂ ಇರಲಿಲ್ಲ. ಒಲೆಯ ಕಲ್ಲು, ಬೂದಿ, ಹರಿದ ಪ್ಲಾಸ್ಟಿಕ್ಕು, ಒಂದು ಕಡೆ ಒಡೆದ ಆಟಿಕೆ ಕಾರಿನ ಗಾಲಿ. ಪಕ್ಕದ ಹೊಲದಲ್ಲಿ ನೀರು ಹಾಯಿಸುತ್ತಿದ್ದ ರೈತ, ಇಲ್ಲಿಯ ಕಬ್ಬು ಮುಗಿಯಿತೆಂದು ಬೆಳಗಾಗುತ್ತಲೇ ದೊಡವಾಡದ ಕಡೆ ಹೋದರು ಎಂದ. ನಾನು ಮನೆಗೆ ಹೋಗೋಣ ಎಂದೆ. ಆಯಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ದೊಡವಾಡದಲ್ಲಿ ಇಳಿದು, ಕೇಳುತ್ತ ಕೇಳುತ್ತ ಒಂದು ಮೈಲಿ ನಡೆದು ಅವರನ್ನು ಹಿಡಿದೆವು. ಗುಡಿಸಲು ಇನ್ನೂ ಅರ್ಧ ಎದ್ದಿದ್ದವು. ಮಧ್ಯಾಹ್ನದ ಹೊತ್ತು, ಹೆಂಗಸರು ಕಬ್ಬಿನ ಹೊಲದಿಂದ ಬಂದು ಒಲೆ ಹೊತ್ತಿಸುತ್ತಿದ್ದರು. ಅದೇ ಹುಡುಗಿ ನನ್ನನ್ನು ಗುರುತಿಸಿ ತಾಯಿಯನ್ನು ಕರೆದಳು. ತಾಯಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕಬ್ಬಿನ ಎಲೆ ಗೀರಿ ಮೊಣಕೈಯವರೆಗೆ ಕೆಂಪು ಗೆರೆ. ಆಯಿ ಕೌದಿ ಚಾಚಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ಬ್ಯಾಡ್ರಿ ಯಮ್ಮಾ. ನಾವು ಬೇಡಕೊಂಡ ತಿನ್ನೋರಲ್ರಿ. ಈ ಹುಡುಗಿ ಬಾಯಿ ಬಿಟ್ಟ ಕೇಳ್ಯಾಳಂತ ನಿನ್ನೆ ಎರಡ ಬಡದೇನಿ.”

ಒಳಗೆ ಹೋಗಿ ಅವಳು ಸಿಸ್ಟರರ ಬೂದು ಶಾಲು ತಂದಳು. ಅದನ್ನು ರಾತ್ರಿಯೇ ಒಗೆದು, ಒಲೆಯ ಕಾವಿಗೆ ಒಣಗಿಸಿ, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು. “ಇದು ಆ ಅಕ್ಕಾರದು. ಕೂಸಿನ ಥಂಡಿ ನೋಡಿ ಸುತ್ತಿ ಹೋಗ್ಯಾರ. ಅವರಿಗೂ ಬೇಕಾಗಿರತೈತಿ. ಮುಟ್ಟಿಸಿಬಿಡ್ರಿ.”

ಆಯಿ ಶಾಲನ್ನು ಕೈಗೆ ತೆಗೆದುಕೊಂಡಳು. ಆಮೇಲೆ ನನ್ನನ್ನು ಅಲ್ಲೇ ಕೂರಿಸಿ, ಒಬ್ಬಳೇ ಊರೊಳಗೆ ನಡೆದುಹೋದಳು. ತಿರುಗಿ ಬಂದಾಗ ಅವಳ ಸೆರಗಿನಲ್ಲಿ ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಕುಪ್ಪಸದ ಖಣ, ಅರಿಷಿಣ ಕುಂಕುಮದ ಪೊಟ್ಟಣ. “ಕುಂದರು ಇಲ್ಲಿ,” ಎಂದು ಆ ತಾಯಿಗೆ ಹೇಳಿದಳು. “ಮಗಾ ಹಡದ ಹೆಣಮಗಳು, ತವರಮನಿ ಬಿಟ್ಟು ದೂರ ಬಂದೀ. ಉಡಿ ತುಂಬತೇನಿ. ಉಡಿ ಬ್ಯಾಡ ಅಂತ ಯಾರೂ ಅನ್ನಂಗಿಲ್ಲ.”

ಆ ಹೆಂಗಸು ನಿಂತೇ ಇದ್ದಳು. ಮುಖ ಆಚೆ ತಿರುಗಿಸಿದಳು. ಆಮೇಲೆ ಮಣ್ಣಿನ ಮೇಲೆ ಕುಳಿತು, ತಲೆಯ ಮೇಲೆ ಸೆರಗು ಎಳೆದುಕೊಂಡು, ಉಡಿ ಒಡ್ಡಿದಳು. ಆಯಿ ಕುಂಕುಮ ಹಚ್ಚಿ, ಅಕ್ಕಿ ಹಾಕಿ, ಕಾಯಿ ಇಟ್ಟು, ಕೊನೆಗೆ ಎಲ್ಲದರ ಮೇಲೆ ಕೌದಿ ಇಟ್ಟಳು. ಅವಳು ಬಾಗಿ ಆಯಿಯ ಕಾಲು ಮುಟ್ಟಿದಳು. ಎದ್ದಾಗ ಕಣ್ಣು ಒದ್ದೆಯಾಗಿದ್ದವು. “ಉಂಡ ಹೋಗ್ರಿ,” ಎಂದಳು.

ನಾನು ಆಯಿಯ ಮುಖ ನೋಡಿದೆ. ಏನಾದರೂ ನೆಪ ಹೇಳುತ್ತಾಳೆ ಎಂದುಕೊಂಡೆ. ಅವಳು ಒಲೆಯ ಹತ್ತಿರ ಕುಳಿತು ಸಜ್ಜಿರೊಟ್ಟಿ, ಕೆಂಪು ಖಾರ ತಿಂದಳು. ಅವರ ತಂಬಿಗೆಯಿಂದಲೇ ನೀರು ಕುಡಿದಳು. ಅದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ನನಗೂ ಹೇಳಬೇಡ ಎನ್ನಲಿಲ್ಲ.

ಹೊರಡುವ ಮುಂಚೆ ನಾನು ಸ್ವೆಟರ್ ಬಿಚ್ಚಿ ಹುಡುಗಿಗೆ ಕೊಟ್ಟೆ. ಅವಳು ಹಾಕಿಕೊಂಡಳು. ಬಾತುಕೋಳಿಗಳ ಮೇಲೆ ಬೆರಳಾಡಿಸಿ, “ಇದರಾಗ ನಿನ್ನ ಮೈ ಬಿಸಿ ಇನ್ನೂ ಐತಿ,” ಎಂದು ನಕ್ಕಳು. ಅಷ್ಟರಲ್ಲಿ ತಾಯಿ, “ತಗಿ ಅದನ್ನ. ಒಂದ ಮನಿಯಿಂದ ಒಂದ ಸಾಕು,” ಎಂದಳು. ಹುಡುಗಿ ಮರುಮಾತಾಡದೆ ಬಿಚ್ಚಿ ಕೊಟ್ಟಳು. ನಾನು ಮತ್ತೊಮ್ಮೆ ಒತ್ತಾಯ ಮಾಡಬಹುದಿತ್ತು. ಮಾಡಲಿಲ್ಲ. ಸ್ವೆಟರ್ ಕೈಗೆ ಬಂದಾಗ ನನಗೆ ಒಳಗೊಳಗೆ ಹಾಯೆನಿಸಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ, ಹಾಕಿಕೊಳ್ಳಲು ಮನಸ್ಸಾಗಲಿಲ್ಲ.

ಸೂಟಿ ಮುಗಿದ ದಿನ ಆಯಿ ಮೊದಲ ಸಲ ನನ್ನ ಶಾಲೆಗೆ ಬಂದಳು. ಸಿಸ್ಟರರ ಕೋಣೆಯಲ್ಲಿ ಕುರ್ಚಿ ಕೊಟ್ಟರೂ ನಿಂತುಕೊಂಡೇ ಶಾಲನ್ನು ಮೇಜಿನ ಮೇಲೆ ಇಟ್ಟಳು. ನಡೆದದ್ದನ್ನು ಹೇಳಿದಳು. ಕೊನೆಗೆ, “ಅವ್ವಾರ, ನೀವು ಮಾಡಿದ್ದು ಚಲೋ ಕೆಲಸ. ಆದ್ರ ಮುಂದಿನ ವರ್ಷ ಮೊದಲ ಹೋಗಿ ಕೇಳ್ರಿ. ಏನ ಬೇಕಂತ ಅವರನ್ನ ಕೇಳಿ, ಆಮ್ಯಾಲೆ ಕೊಡ್ರಿ,” ಎಂದಳು.

ಸಿಸ್ಟರ್ ಶಾಲಿನ ಮಡಿಕೆಯನ್ನು ಬಿಡಿಸದೆ ಅದರ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. “ನಾನು ಮಕ್ಕಳಿಗೆ ಕೊಡುವುದನ್ನು ಕಲಿಸಬೇಕು ಎಂದುಕೊಂಡೆ. ಕೇಳುವುದನ್ನು ಮರೆತೆ,” ಎಂದರು.

ಮುಂದಿನ ವರ್ಷ ಹಂಗಾಮು ಶುರುವಾದ ಕೂಡಲೇ ಸಿಸ್ಟರ್ ಮತ್ತು ಆಯಿ ಇಬ್ಬರೂ ಹೋಗಿ ಕೇಳಿದರು. ಹೆಂಗಸರು ಅಂಗಿ ಕೇಳಲಿಲ್ಲ, ಆಟಿಕೆ ಕೇಳಲಿಲ್ಲ. ನಾವು ಹೊಲದಲ್ಲಿರುವಾಗ ಈ ಕೂಸುಗಳನ್ನು ಯಾರಾದರೂ ನೋಡಿಕೊಂಡರೆ ಸಾಕು ಎಂದರು. ಹೋದ ವರ್ಷ ಒಂದು ಮಗು ಬಂಡಿಯ ಗಾಲಿಗೆ ಸಿಕ್ಕಿತ್ತಂತೆ. ಹೀಗಾಗಿ ಶಾಲೆಯ ಹಿಂದಿನ ತಗಡಿನ ಶೆಡ್ಡು ಆ ಚಳಿಗಾಲ ಕೂಸಿನ ಮನೆಯಾಯಿತು. ಒಬ್ಬ ಹೆಂಗಸನ್ನು ನೇಮಿಸಿದರು. ನಾವು ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಹಾಡು ಹೇಳಿಕೊಡುತ್ತಿದ್ದೆವು. ಆಯಿ ವಾರಕ್ಕೆ ಎರಡು ದಿನ ಬಂದು ಕೂಸುಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ನಮ್ಮ ಚೀಟಿ ಎತ್ತುವ ಆಟ ಮತ್ತೆ ಶುರುವಾಗಲಿಲ್ಲ. ಕೆಲವು ಮನೆಗಳಿಂದ ತಕರಾರೂ ಬಂತು, ಮಕ್ಕಳ ಹಬ್ಬ ಹಾಳು ಮಾಡಿದಿರಿ ಎಂದು. ಗೊಂಬೆ ನನಗೆ ಸಿಗಲೇ ಇಲ್ಲ. ಅದನ್ನು ಗೆಳತಿಯ ತಂಗಿ ಇಟ್ಟುಕೊಂಡಳೆಂದು ಕೇಳಿದೆ.

ಆ ಹುಡುಗಿ ಎರಡು ಹಂಗಾಮು ನಮ್ಮ ಶೆಡ್ಡಿಗೆ ಬಂದಳು. ತಮ್ಮ ನಡೆಯಲು ಕಲಿತಿದ್ದ. ಅವಳ ಸೊಂಟ ಖಾಲಿಯಾಗಿತ್ತು. ನಮ್ಮ ಹಳೆಯ ಪುಸ್ತಕದಿಂದ ಅವಳು ಬೇಗ ಓದಲು ಕಲಿತಳು. ಕಾಗುಣಿತದಲ್ಲಿ ನನಗಿಂತ ಚುರುಕು. ಸಿಸ್ಟರ್ ಅವಳ ತಾಯಿಯನ್ನು ಕರೆಸಿ, “ಇವಳನ್ನು ನಮ್ಮ ಬೋರ್ಡಿಂಗಿನಲ್ಲಿ ಬಿಟ್ಟುಹೋಗಿ, ನಾವು ಓದಿಸುತ್ತೇವೆ,” ಎಂದರು. ತಾಯಿ ಮೂರು ದಿನ ಯೋಚಿಸಿ, ಗಂಡ ಒಪ್ಪುವುದಿಲ್ಲ ಎಂದಳು. ಮೂರನೆಯ ಹಂಗಾಮಿಗೆ ತಾಯಿ ಬಂದಳು, ಮಗ ಬಂದ, ಹುಡುಗಿ ಬರಲಿಲ್ಲ. ಬೇಸಿಗೆಯಲ್ಲಿ ಮದುವೆ ಮಾಡಿಕೊಟ್ಟರಂತೆ. “ಚಲೋ ಮನಿ ಸಿಕ್ಕಿತ್ರಿ, ಬಿಡಾಕ ಆಗಲಿಲ್ಲ,” ಎಂದಳು ತಾಯಿ, ನೆಲ ನೋಡುತ್ತ. ಹುಡುಗಿಗೆ ನನ್ನದೇ ವಯಸ್ಸು, ಹದಿಮೂರೋ ಹದಿನಾಲ್ಕೋ. ಆಯಿ ಆ ತಾಯಿಯ ಬೆನ್ನ ಮೇಲೆ ಕೈಯಿಟ್ಟಳು. ನಮ್ಮ ಮನೆಯ ಹಿತ್ತಲಿಗೆ ಬಂದ ಮೇಲೆ ನನಗೆ, “ನಮಗ ಕೊಡಾಕ ಆಗಲಾರದ್ದು ಭಾಳ ಐತಿ ತಂಗಿ,” ಎಂದಳು.

ಆಯಿ ತೀರಿಕೊಂಡಾಗ ನಾನು ಶಿಕ್ಷಕಿಯ ತರಬೇತಿಯಲ್ಲಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ರಾಮದುರ್ಗ ತಾಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಗೆ ನೇಮಕವಾಯಿತು. ನೀರಿಲ್ಲದ ಕಲ್ಲುನೆಲ. ಮುಂಗಾರಿನ ಸುಗ್ಗಿ ಮುಗಿದರೆ ಅರ್ಧ ಊರು ದುಡಿಯಲು ಗೋವಾಕ್ಕೆ ಹೋಗುತ್ತಿತ್ತು, ಮಕ್ಕಳೂ ಹೋಗುತ್ತಿದ್ದರು. ಮೊದಲ ವರ್ಷ ಡಿಸೆಂಬರ್ ಬರುವಷ್ಟರಲ್ಲಿ ನನ್ನ ನಾಲ್ಕನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳು ಉಳಿದಿದ್ದರು. ಎರಡನೆಯ ವರ್ಷ ಊರು ಖಾಲಿಯಾಗುವ ಮೊದಲೇ ಮನೆ ಮನೆಗೆ ಹೋದೆ. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಿ ಎಂದು ಒಬ್ಬ ತಾಯಿಯನ್ನು ಕೇಳಿದೆ. ಅವಳು ಗಂಟು ಕಟ್ಟುತ್ತಿದ್ದಳು.

“ಬಿಟ್ಟ ಹೋಗಾಕ ನಿಮಗ ಏನ ಬೇಕು ಹೇಳ್ರಿ,” ಎಂದೆ. ಪುಸ್ತಕ, ಬಟ್ಟೆ, ಕಾಳು, ಏನಾದರೂ ಕೇಳುತ್ತಾಳೆ ಎಂದು ಮನಸ್ಸಿನಲ್ಲೇ ಸಿದ್ಧಳಾಗಿದ್ದೆ.

ಅವಳು ಗಂಟು ಬಿಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. “ತಿಂಗಳಿಗೊಮ್ಮೆ ಆಕಿ ಕೈಲೆ ಒಂದ ಕಾಗದ ಬರಸ್ರಿ ಬಾಯಾರ. ನನಗ ಓದಾಕ ಬರಂಗಿಲ್ಲ, ಅಲ್ಲಿ ಓದಿ ಹೇಳವರು ಅದಾರ. ಕಾಗದ ಬಂದ್ರ ನಾ ಅಲ್ಲಿ ಇರತೇನಿ. ಬರಲಿಲ್ಲಂದ್ರ ಬಂದ ಕರಕೊಂಡ ಹೋಗತೇನಿ.”

ಆ ತಿಂಗಳ ಕೊನೆಯ ಶನಿವಾರ ಶಾಲೆ ಬಿಟ್ಟ ಮೇಲೆ ಅಜ್ಜಿಯ ಬಳಿ ಉಳಿದ ಆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಚೆಕಾರ್ಡು ಕೊಟ್ಟೆ. ಏನು ಬರೆಯಲಿ ಎಂದು ಕೇಳಿದಳು. ನಿನಗೆ ತಿಳಿದದ್ದು ಬರಿ ಎಂದೆ. ನಾಲಿಗೆ ತುಟಿಗೆ ಒತ್ತಿಕೊಂಡು ಬಹಳ ಹೊತ್ತು ಬರೆದಳು. ತಾನು ಆರಾಮ ಇರುವುದಾಗಿ, ಅಜ್ಜಿಯ ಕೆಮ್ಮು ಕಡಿಮೆಯಾಗಿರುವುದಾಗಿ, ಆಡು ಎರಡು ಮರಿ ಹಾಕಿರುವುದಾಗಿ, ಅದರಲ್ಲಿ ಒಂದು ಬಿಳಿ, ಇನ್ನೊಂದಕ್ಕೆ ಕಿವಿ ಮಾತ್ರ ಬಿಳಿ ಎಂದು. ವಿಳಾಸವನ್ನು ನಾನು ಬರೆದೆ. ಇಬ್ಬರೂ ಕೂಡಿ ಊರ ಮುಂದಿನ ಅಂಚೆಪೆಟ್ಟಿಗೆಯ ತನಕ ನಡೆದೆವು. ಕಾರ್ಡು ಒಳಗೆ ಬಿದ್ದ ಮೇಲೂ ಅವಳು ಪೆಟ್ಟಿಗೆಯ ಬಾಯಿಗೆ ಕಣ್ಣಿಟ್ಟು ನೋಡುತ್ತ ನಿಂತಿದ್ದಳು.